ಮಂಗಳೂರು ಹಂಚಿನ ವಿಮರ್ಶೆ: ಒಬ್ಬ ಹೊಸ ಬರಹಗಾರರಿಗೆ ಸಂಪಾದಕರ ಉತ್ತರ

ಪ್ರಿಯ ಲೇಖಕರಿಗೆ ನಮಸ್ಕಾರ.

ಮಂಗಳೂರು ಹಂಚಿನ ವಿನ್ಯಾಸವನ್ನು ಕುರಿತು ನೀವು ಕಳುಹಿಸಿದ ಹದಿನಾಲ್ಕು ಪುಟಗಳ ಪ್ರಬಂಧವನ್ನು ಎರಡು ಸಲ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಸಾಧ್ಯವಿಲ್ಲವೆಂದು ಮೊದಲೇ ತಿಳಿಸುತ್ತೇನೆ. ಆದರೆ ಎರಡು ಸಾಲಿನ ವಿಷಾದಪತ್ರದೊಡನೆ ಹಿಂದಿರುಗಿಸುವಂತಹ ಬರಹವೂ ಅದಲ್ಲ. ಕಾಸರಗೋಡಿನ ಒಂದು ಹಳ್ಳಿಮನೆಯ ಮಾಡನ್ನು, ಅಂದರೆ ಛಾವಣಿಯನ್ನು, ವಿನ್ಯಾಸದ ಕೃತಿಯೆಂದು ಪರಿಗಣಿಸಿ, ಕಾವ್ಯವನ್ನೋ ಯಕ್ಷಗಾನ ಪ್ರಸಂಗವನ್ನೋ ವಿಮರ್ಶಿಸುವಷ್ಟೇ ಗಂಭೀರವಾಗಿ ಅದನ್ನು ವಿಮರ್ಶಿಸಲು ಹೊರಟವರು ನಮ್ಮಲ್ಲಿ ಬಹಳ ಕಡಿಮೆ. ಆದ್ದರಿಂದ ತುಸು ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಪ್ರಬಂಧದ ಮೊದಲ ಐದು ಪುಟಗಳು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಚರಿತ್ರೆಗೆ ಹೋಗಿವೆ. ಅನಂತರದ ಮೂರು ಪುಟಗಳಲ್ಲಿ ಪೆರ್ಲದ ಸಮೀಪದ ಅಜ್ಜನ ಮನೆಯ ಮಳೆಗಾಲದ ನೆನಪುಗಳಿವೆ. ಆಮೇಲೆ ಹಂಚು ತಂಪಾಗಿದೆ, ಸುಂದರವಾಗಿದೆ, ಪರಿಸರಸ್ನೇಹಿಯಾಗಿದೆ ಎಂಬ ಹೊಗಳಿಕೆ ಬರುತ್ತದೆ. ಕೊನೆಯ ಎರಡು ಪುಟಗಳು ತಾರಸಿ ಮನೆಗಳು ಬಂದು ಎಲ್ಲವೂ ಹೋಯಿತೆಂಬ ವ್ಯಥೆಗೆ ಮೀಸಲಾಗಿವೆ. ಈ ನಾಲ್ಕು ಭಾಗಗಳಲ್ಲಿ ಯಾವುದನ್ನು ಮೊದಲು ಇಟ್ಟರೂ ಯಾವುದನ್ನು ಕೊನೆಗೆ ಇಟ್ಟರೂ ಪ್ರಬಂಧಕ್ಕೆ ಏನೂ ಆಗುವುದಿಲ್ಲ. ರಚನೆ ಸಡಿಲವಾಗಿದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ. ಓದಿ ಮುಗಿಸಿದಾಗ ಹಂಚಿನ ಮೇಲೆ ನಿಮಗಿರುವ ಪ್ರೀತಿ ತಿಳಿಯುತ್ತದೆ. ಹಂಚಿನ ವಿನ್ಯಾಸದ ಬಗ್ಗೆ ನಿಮ್ಮ ತೀರ್ಮಾನವೇನೆಂದು ತಿಳಿಯುವುದಿಲ್ಲ.

ಆ ತೀರ್ಮಾನ ನಿಮ್ಮಲ್ಲಿ ಇಲ್ಲವೆಂದಲ್ಲ. ಅದು ಹನ್ನೊಂದನೆಯ ಪುಟದ ಏಳು ಸಾಲುಗಳಲ್ಲಿ ಅಡಗಿ ಕುಳಿತಿದೆ. ತೆಂಗಿನಕಾಯಿ ಬಿದ್ದು ಒಂದು ಹಂಚು ಒಡೆದಾಗ ನಿಮ್ಮ ಸೋದರಮಾವ ಏಣಿ ಇಟ್ಟು ಮಾಡು ಹತ್ತದೆ, ಅಟ್ಟದ ಮೇಲೆ ನಿಂತು, ಒಳಗಿನಿಂದಲೇ ಅಕ್ಕಪಕ್ಕದ ಹಂಚುಗಳನ್ನು ಅಂಗೈಯಿಂದ ಮೆಲ್ಲನೆ ಎತ್ತಿ, ಒಡೆದ ಚೂರನ್ನು ಕೆಳಗೆ ತೆಗೆದು, ಹೊಸ ಹಂಚನ್ನು ಅದೇ ಸಂದಿಯಲ್ಲಿ ತೂರಿಸಿ ರೀಪಿಗೆ, ಅಂದರೆ ಹಂಚು ಕೂರುವ ಅಡ್ಡ ಮರದ ಪಟ್ಟಿಗೆ, ಸಿಕ್ಕಿಸಿದ್ದನ್ನು ನೀವು ಬರೆದಿದ್ದೀರಿ. ಮೊಳೆ ಇಲ್ಲ, ಗಾರೆ ಇಲ್ಲ, ಪಕ್ಕದ ಹಂಚಿಗೆ ಪೆಟ್ಟಿಲ್ಲ. ನಿಮ್ಮ ಪ್ರಬಂಧದಲ್ಲಿ ಬೇರೆ ಯಾರೂ ಬರೆಯಲಾರದ ಭಾಗ ಇದೊಂದೇ. ಅಲ್ಲಿಂದ ಹೊರಡುವ ವಾದವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಮಂಗಳೂರು ಹಂಚು ಒಡೆಯುವ ವಸ್ತುವೆಂದು ತಿಳಿದೇ ಮಾಡಿದ ವಸ್ತು, ಒಡೆದ ಒಂದನ್ನು ಮಾತ್ರ ತೆಗೆದು ಇನ್ನೊಂದನ್ನು ಇಡಲು ಬರುವಂತೆ ಮಾಡು ರಚನೆಗೊಂಡಿರುವುದೇ ಅದರ ವಿನ್ಯಾಸದ ಮುಖ್ಯ ಗುಣ. ನೀವು ಇದನ್ನು ಒಪ್ಪಬೇಕಾಗಿಲ್ಲ. ಬೇರೊಂದು ವಾದವನ್ನು ಕಟ್ಟಬಹುದು. ಆದರೆ ಇಂತಹ ಒಂದು ವಾದ ಮೊದಲ ಪುಟದಲ್ಲೇ ಬಾರದಿದ್ದರೆ ಉಳಿದ ಯಾವ ವಿವರಕ್ಕೂ ಇಂತಲ್ಲೇ ಇರಬೇಕೆಂಬ ಜಾಗ ಸಿಗುವುದಿಲ್ಲ.

ಹಾಗಾಗಿ ಆ ಏಳು ಸಾಲುಗಳನ್ನು ಹನ್ನೊಂದನೆಯ ಪುಟದಿಂದ ಎತ್ತಿ ಆರಂಭಕ್ಕೆ ತನ್ನಿ. ಅದನ್ನು ಓದಿದ ಕೂಡಲೇ ಇದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆ ಓದುಗರಲ್ಲಿ ತಾನಾಗಿ ಹುಟ್ಟುತ್ತದೆ, ಮತ್ತು ಹಂಚಿನ ವರ್ಣನೆ ಆ ಪ್ರಶ್ನೆಗೆ ಉತ್ತರವಾಗಿ ಬರುತ್ತದೆ. ಈಗ ನಿಮ್ಮಲ್ಲಿ ವರ್ಣನೆ ಎಂಬುದು ಬಹುಮಟ್ಟಿಗೆ ಬಣ್ಣದ ವರ್ಣನೆ. ಕೆಂಪು ಎಂಬ ಪದವನ್ನು ಒಂಬತ್ತು ಸಲ ಬಳಸಿದ್ದೀರಿ, ಆದರೆ ಹಂಚಿನ ಅಡಿಭಾಗವನ್ನು ಒಮ್ಮೆಯೂ ತಿರುಗಿಸಿ ನೋಡಿಲ್ಲ. ಒಂದು ಹಂಚನ್ನು ಕೈಗೆತ್ತಿಕೊಂಡು ನೋಡಿ. ಸುಮಾರು 16 ಅಂಗುಲ ಉದ್ದ, 9 ಅಂಗುಲಕ್ಕಿಂತ ತುಸು ಹೆಚ್ಚು ಅಗಲ, ತೂಕ ಎರಡು ಕಿಲೋಗಿಂತ ಮೇಲೆ. ಅಡಿಭಾಗದಲ್ಲಿ ಮೇಲ್ತುದಿಯ ಹತ್ತಿರ ಎರಡು ಪುಟ್ಟ ಉಬ್ಬುಗಳಿವೆ. ಇಡೀ ಹಂಚು ರೀಪಿಗೆ ನೇತುಬಿದ್ದಿರುವುದು ಅವುಗಳ ಬಲದಿಂದ. ಉದ್ದದ ಒಂದು ಅಂಚಿನಲ್ಲಿ ಏಣು, ಅಂದರೆ ಎದ್ದು ನಿಂತ ಸಣ್ಣ ಏರು ಇದೆ, ಇನ್ನೊಂದು ಅಂಚಿನಲ್ಲಿ ಆ ಏಣು ಕುಳಿತುಕೊಳ್ಳುವ ತೋಡು ಇದೆ. ಕೆಳತುದಿ ತನ್ನ ಕೆಳಗಿನ ಸಾಲಿನ ಹಂಚಿನ ನೆತ್ತಿಯನ್ನು ಕವಿದುಕೊಳ್ಳುತ್ತದೆ. ಮೇಲ್ಮೈಯಲ್ಲಿ ಉದ್ದಕ್ಕೆ ಹರಿಯುವ ತಗ್ಗುಗಳು ಮಳೆನೀರನ್ನು ಅಂಚಿನ ಸಂದಿಗೆ ಹೋಗಗೊಡದೆ ನಡುವಿನಿಂದಲೇ ಕೆಳಗಿನ ಹಂಚಿಗೆ ದಾಟಿಸುತ್ತವೆ. ಈ ವಿವರಗಳನ್ನು ಯಾವ ಕ್ರಮದಲ್ಲಿ ಹೇಳಬೇಕೆಂಬುದಕ್ಕೆ ಎರಡು ದಾರಿಗಳಿವೆ: ನೀರು ಹಂಚನ್ನು ಮುಟ್ಟುವ ಕ್ರಮ, ಅಥವಾ ನಿಮ್ಮ ಮಾವನ ಕೈ ಹಂಚನ್ನು ಮುಟ್ಟಿದ ಕ್ರಮ. ನಿಮ್ಮ ವಾದಕ್ಕೆ ಎರಡನೆಯದು ಹೊಂದುತ್ತದೆ. ಎರಡನ್ನೂ ಬೆರೆಸಿದರೆ ಓದುಗರು ದಾರಿ ತಪ್ಪುತ್ತಾರೆ.

ಪ್ರತಿಯೊಂದು ವಿವರದ ಮುಂದೆಯೂ, ಹೀಗೇ ಏಕೆ, ಬೇರೆ ರೀತಿಯಲ್ಲಿ ಏಕಿಲ್ಲ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕು. ಅದಕ್ಕೆ ಹೋಲಿಕೆ ಬೇಕು, ನಿಮ್ಮ ಪ್ರಬಂಧದಲ್ಲಿ ಹೋಲಿಕೆಯೇ ಇಲ್ಲ. ಮಂಗಳೂರು ಹಂಚಿಗಿಂತ ಮೊದಲು ನಮ್ಮ ಮನೆಗಳ ಮೇಲೆ ಮುಳಿಹುಲ್ಲು ಇತ್ತು, ಸೋಗೆ ಇತ್ತು, ಅನುಕೂಲವಂತರಲ್ಲಿ ಕುಂಬಾರರು ಮಾಡಿದ ಅರ್ಧ ಕೊಳವೆಯಂತಹ ನಾಡಹಂಚು ಇತ್ತು. ಮುಳಿಯ ಮಾಡಿಗೆ ವರ್ಷವರ್ಷವೂ ಹೊಸ ಹೊದಿಕೆ ಬೇಕು, ಬೆಂಕಿಯ ಭಯವೂ ಇದೆ. ನಾಡಹಂಚಿಗೆ ಕೊಕ್ಕೆಯೂ ಇಲ್ಲ, ತೋಡೂ ಇಲ್ಲ. ತನ್ನ ಭಾರದಿಂದಲೂ ಒಂದರ ಮೇಲೊಂದು ಹೆಚ್ಚು ಹೆಚ್ಚು ಕವಿಯುವುದರಿಂದಲೂ ಅದು ನಿಲ್ಲುತ್ತದೆ, ಆದ್ದರಿಂದ ಅಷ್ಟೇ ಜಾಗಕ್ಕೆ ಹೆಚ್ಚು ಹಂಚು ಬೇಕಾಗುತ್ತದೆ ಮತ್ತು ಗಾಳಿ, ಬೆಕ್ಕು, ಮಂಗಗಳ ಓಡಾಟದಿಂದ ಅದು ಜಾರುತ್ತದೆ. ಹೀಗೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಅಡಿಭಾಗದ ಆ ಎರಡು ಉಬ್ಬುಗಳ ಬೆಲೆ ತಿಳಿಯುತ್ತದೆ. ತುಳುವಿನಲ್ಲೂ ಮಲಯಾಳದಲ್ಲೂ ಹಂಚಿಗೆ ಓಡು ಎನ್ನುತ್ತಾರೆ. ಹಳೆಯ ಹೆಸರು ಹೊಸ ವಸ್ತುವಿಗೆ ಹಾಗೆಯೇ ಅಂಟಿಕೊಂಡಿತು, ಆದರೆ ವಸ್ತು ಒಳಗಿನಿಂದ ಬೇರೆಯದೇ ಆಗಿತ್ತು.

ಇನ್ನು ಚರಿತ್ರೆಯ ಮಾತು. ಐದು ಪುಟಗಳನ್ನು ಒಂದು ಪರಿಚ್ಛೇದಕ್ಕೆ ಇಳಿಸಿ. ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದದ್ದು, ಮತಾಂತರಗೊಂಡು ಕುಲಕಸುಬು ಕಳೆದುಕೊಂಡವರಿಗೆ ಉದ್ಯೋಗ ಕೊಡಲು ಅವರು ಕೈಗಾರಿಕೆಗಳನ್ನು ಆರಂಭಿಸಿದ್ದು, ಮೊದಲ ಮಹಾಯುದ್ಧದ ತರುವಾಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದದ್ದು, ಇವೆಲ್ಲ ನಿಜವೇ, ಮಹತ್ವದವೇ. ಆದರೆ ಇವು ಇನ್ನೊಂದು ಪ್ರಬಂಧದ ಸಾಮಗ್ರಿ. ನಿಮ್ಮ ಪ್ರಬಂಧಕ್ಕೆ ಬೇಕಾದದ್ದು ಹಂಚಿನ ಆಕಾರವನ್ನು ವಿವರಿಸುವ ಚರಿತ್ರೆ ಮಾತ್ರ. ಅಲ್ಲಿ ಒಂದು ತಪ್ಪನ್ನೂ ಮಾಡಿದ್ದೀರಿ. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚನ್ನು ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಕಂಡುಹಿಡಿದನೆಂದು ಬರೆದಿದ್ದೀರಿ. ಅಂತಹ ಹಂಚಿಗೆ ಫ್ರಾನ್ಸಿನ ಅಲ್ಸಾಸ್ ಸೀಮೆಯ ಆಲ್ಟ್‌ಕಿರ್ಷ್ ಊರಿನ ಗಿಲಾರ್ಡೋನಿ ಸಹೋದರರು 1841ರಲ್ಲಿಯೇ ಪೇಟೆಂಟ್ ಪಡೆದಿದ್ದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭವಾದ ಕಾರ್ಖಾನೆಯಲ್ಲಿ ಪ್ಲೆಬ್ಸ್ಟ್ ಸಾಧಿಸಿದ್ದು ಬೇರೆ ಬಗೆಯದು: ನಮ್ಮ ನದಿ ಬಯಲಿನ ಜೇಡಿಮಣ್ಣಿನಲ್ಲಿ, ನಮ್ಮ ಮಳೆಗೆ ತಾಳುವಂತೆ, ಯಂತ್ರದ ಅಚ್ಚಿನಲ್ಲಿ ಒತ್ತಿ ಸಾವಿರಾರು ಸಂಖ್ಯೆಯಲ್ಲಿ ಒಂದೇ ಅಳತೆಯ ಹಂಚನ್ನು ತಯಾರಿಸುವುದು. ಈ ತಿದ್ದುಪಡಿಯಿಂದ ನಿಮ್ಮ ಕತೆಯ ನಾಯಕ ಚಿಕ್ಕವನಾಗುತ್ತಾನೆಂದು ಬೇಸರಪಡಬೇಡಿ. ಏಣು ತೋಡಿನಲ್ಲಿ ಕೂರಬೇಕಾದರೆ ಪ್ರತಿಯೊಂದು ಹಂಚೂ ಇನ್ನೊಂದರಂತೆಯೇ ಇರಬೇಕು, ಕೈಯಿಂದ ತಟ್ಟಿದ ಹಂಚು ಹಾಗಿರಲಾರದು. ಹಾಗಾಗಿ ಕಾರ್ಖಾನೆಯೂ ಈ ವಿನ್ಯಾಸದ ಒಂದು ಅಂಗ. ಚರಿತ್ರೆಯ ಪರಿಚ್ಛೇದ ಸೇರಬೇಕಾದದ್ದು ಇಲ್ಲಿ, ವರ್ಣನೆಯೂ ಹೋಲಿಕೆಯೂ ಮುಗಿದ ಮೇಲೆ.

ಹೊಗಳಿಕೆಯ ಪದಗಳನ್ನು ಸಾಕ್ಷ್ಯದೊಡನೆ ಮಾತ್ರ ಬಳಸಿ. ಹಂಚು ಪರಿಸರಸ್ನೇಹಿಯೆಂದು ಬರೆಯುವ ಮುನ್ನ ಆ ಜೇಡಿಯನ್ನು ಎಲ್ಲಿಂದ ಅಗೆದರು, ಗೂಡಿಗೆ ಎಷ್ಟು ಸೌದೆ ಉರಿಯಿತು, ಮಾಡಿನ ಭಾರ ಹೊರಲು ರೀಪನ್ನು ಹೊರುವ ಇಳಿಜಾರು ಮರಗಳಾದ ಪಕ್ಕಾಸಿಗೂ ತೊಲೆಗೂ ಎಷ್ಟು ಮರ ಕಡಿಯಬೇಕಾಯಿತು ಎಂಬುದನ್ನು ಎದುರಿಸಬೇಕು. ಮನೆ ತಂಪಾಗಿರುತ್ತದೆ ಎನ್ನುವುದಕ್ಕಿಂತ, ಹಂಚುಗಳ ನಡುವಿನ ಸಣ್ಣ ಸಂದಿಗಳಿಂದ ಬಿಸಿಗಾಳಿಯೂ ಅಡುಗೆಮನೆಯ ಹೊಗೆಯೂ ಹೊರಹೋಗುತ್ತವೆ ಎಂದು ಬರೆದರೆ ಓದುಗರಿಗೆ ಕಾರಣ ಸಿಗುತ್ತದೆ. ಅದೇ ಸಂದಿಗಳಿಂದ ಜೋರು ಗಾಳಿಮಳೆಯಲ್ಲಿ ಎರಚಲು ಒಳಬರುತ್ತದೆ ಎಂಬುದನ್ನೂ ಅದೇ ವಾಕ್ಯದ ಮಗ್ಗುಲಲ್ಲಿ ಬರೆಯಬೇಕು.

ದೋಷಗಳನ್ನು ನೀವು ಬರೆದೇ ಇಲ್ಲವೆಂಬುದು ನನ್ನ ದೊಡ್ಡ ಆಕ್ಷೇಪ. ಅಜ್ಜನ ಮನೆಯ ಮೇಲಿನ ಗೌರವದಿಂದ ಹಾಗೆ ಮಾಡಿದ್ದೀರೆಂದು ನನಗೆ ಗೊತ್ತು. ನಾನೂ ಅಂತಹದೇ ಮಾಡಿನ ಕೆಳಗೆ ಬೆಳೆದವನು. ಆದರೆ ವಿಮರ್ಶೆಯಲ್ಲಿ ದೋಷವನ್ನು ಕಾಣಿಸದಿದ್ದರೆ ಗುಣವನ್ನು ಓದುಗರು ನಂಬುವುದಿಲ್ಲ. ದೋಷಗಳನ್ನು ಹೊರಗಿನಿಂದ ತಂದು ಕೊನೆಯಲ್ಲಿ ಜೋಡಿಸುವುದೂ ಬೇಡ, ಅವು ನಿಮ್ಮ ವಾದದ ಒಳಗಿನಿಂದಲೇ ಹುಟ್ಟಬೇಕು. ಒಂದು ಹಂಚನ್ನು ಮಾತ್ರ ಬದಲಿಸಲು ಬರುತ್ತದೆ ಎಂಬ ಗುಣ ನಿಂತಿರುವುದು ಎರಡು ಆಧಾರಗಳ ಮೇಲೆ: ಮಾಡಿಗೆ ಕೈಯಾಡಿಸಬಲ್ಲ ಒಬ್ಬ ಮನುಷ್ಯನಿರಬೇಕು, ಅದೇ ಅಚ್ಚಿನ ಇನ್ನೊಂದು ಹಂಚು ಸಿಗಬೇಕು. ಮಳೆಗಾಲಕ್ಕೆ ತುಸು ಮೊದಲು ಬರುವ ತುಳುವರ ಆಚರಣೆಯ ದಿನ ಪತ್ತನಾಜೆಯೊಳಗೆ ಮಾಡಿಗೆ ಕೈಯಾಡಿಸಿ ಮುಗಿಸಬೇಕೆಂಬ ರೂಢಿ ನಿಮ್ಮ ಅಜ್ಜನ ಮನೆಯಲ್ಲಿ ಇತ್ತೆಂದು ಎಂಟನೆಯ ಪುಟದಲ್ಲಿ ನೆನಪಿನ ಭಾಗವಾಗಿ ಬರೆದಿದ್ದೀರಿ. ಅದು ನೆನಪಿಗಿಂತ ಹೆಚ್ಚಿನದು. ವರ್ಷಕ್ಕೊಮ್ಮೆ ಮನುಷ್ಯನ ಕೈ ತಾಗಲೇಬೇಕೆಂದು ಈ ಮಾಡು ಕೇಳುತ್ತದೆ, ಆ ಕೈ ಇಲ್ಲದ ಮನೆಯಲ್ಲಿ ಒಂದು ಹಂಚಿನ ಬಿರುಕಿನಿಂದ ನೀರಿಳಿದು ಮೊದಲು ರೀಪು, ಅನಂತರ ಪಕ್ಕಾಸು ಕೊಳೆತು ಕುಂಬಾಗುತ್ತದೆ, ಗೆದ್ದಲು ಹಿಡಿಯುತ್ತದೆ. ಮಕ್ಕಳೆಲ್ಲ ಊರು ಬಿಟ್ಟ ಮನೆಗಳಲ್ಲಿ ಮೊದಲು ಕುಸಿಯುವುದು ಮಾಡು ಎಂಬುದನ್ನು ನೀವು ನೋಡಿಯೇ ಇದ್ದೀರಿ.

ಎರಡನೆಯ ಆಧಾರದ ಬಗ್ಗೆ ನನ್ನದೇ ಒಂದು ಅನುಭವ ಹೇಳುತ್ತೇನೆ, ಉಪಯೋಗವಾದೀತು. ಕಳೆದ ವರ್ಷ ನಮ್ಮ ಮನೆಯ ಚಾವಡಿಯ ಮಾಡಿಗೆ ಮೂವತ್ತು ಹಂಚು ಬೇಕಾದಾಗ, ಕೆಡವಿದ ಮನೆಯೊಂದರ ಹಳೆಯ ಹಂಚನ್ನು ತರಿಸಿದೆ. ನೋಡಲು ಎರಡೂ ಒಂದೇ ರೀತಿ ಇದ್ದವು. ಇಟ್ಟಾಗ ಮಾತ್ರ ಬಹುಪಾಲು ಹಂಚುಗಳ ಏಣು ನಮ್ಮ ಹಂಚಿನ ತೋಡಿನಲ್ಲಿ ಪೂರ್ತಿ ಕೂರಲಿಲ್ಲ, ಏಕೆಂದರೆ ಅವು ಬೇರೆ ಕಾರ್ಖಾನೆಯ ಅಚ್ಚಿನವು. ಹಂಚಿನ ಮೈಮೇಲೆ ಒತ್ತಿದ ಕಾರ್ಖಾನೆಯ ಹೆಸರನ್ನು ಅಲಂಕಾರವೆಂದು ನೀವು ಬರೆದಿದ್ದೀರಿ; ಅದು ಜೋಡಿ ಹುಡುಕುವವನಿಗೆ ದಾರಿ ತೋರಿಸುವ ಗುರುತು ಎಂದು ನನಗೆ ಆ ದಿನ ಅರ್ಥವಾಯಿತು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದಾಗ ನಾಶವಾಗುವುದು ಹೊಸ ಹಂಚು ಮಾತ್ರವಲ್ಲ, ಈಗಾಗಲೇ ಮಾಡಿನ ಮೇಲಿರುವ ಹಂಚಿನ ಬದಲಿಸಿಕೊಳ್ಳುವ ಗುಣವೂ ಹೋಗುತ್ತದೆ. ನಾಡಹಂಚಿಗೆ ಈ ಕಷ್ಟ ಇರಲಿಲ್ಲ, ಯಾವ ಕುಂಬಾರನ ಹಂಚೂ ಹೆಚ್ಚುಕಡಿಮೆ ಹೊಂದುತ್ತಿತ್ತು. ನಿಮ್ಮ ಹೋಲಿಕೆ ಇಲ್ಲಿ ಮರಳಿ ಬಂದು, ಮೊದಲು ಕೊಟ್ಟ ಮೆಚ್ಚುಗೆಯನ್ನು ತೂಗಿ ನೋಡಬೇಕು.

ಕೊನೆಯ ಎರಡು ಪುಟಗಳ ವ್ಯಥೆಯ ಜಾಗದಲ್ಲಿ ಒಂದೇ ಒಂದು ದೃಶ್ಯವನ್ನು ಇಡಿ. ಬದಿಯಡ್ಕ, ಕುಂಬಳೆಗಳ ಹೊಸ ಮನೆಗಳಲ್ಲಿ ಇಳಿಜಾರಾಗಿ ಎರಕ ಹೊಯ್ದ ಕಾಂಕ್ರೀಟಿನ ಮೇಲೆ ಅದೇ ಹಂಚನ್ನು ಸಿಮೆಂಟಿನಲ್ಲಿ ಅಂಟಿಸುವುದನ್ನು ಕಾಣುತ್ತೇವೆ. ಆಕಾರ ಹಾಗೆಯೇ ಇದೆ, ಆದರೆ ನೀರನ್ನು ತಡೆಯುವುದು ಕಾಂಕ್ರೀಟು, ಉಬ್ಬುಗಳಿಗೆ ಹಿಡಿದುಕೊಳ್ಳಲು ರೀಪಿಲ್ಲ, ಒಡೆದರೆ ಕೆಳಗಿನಿಂದ ಎತ್ತಲು ಕೈ ಹೋಗುವುದಿಲ್ಲ. ಇದನ್ನು ಬೈಯದೆ, ಹಂಚಿನ ಯಾವ ಕೆಲಸ ಉಳಿಯಿತು, ಯಾವುದು ಹೋಯಿತು ಎಂದು ಶಾಂತವಾಗಿ ಬರೆದರೆ ಸಾಕು. ಅಂತಹ ಮನೆ ಕಟ್ಟಿಸಿದವರಿಗೂ ಸೋರಿಕೆಯ ಭಯ, ಕಳ್ಳರ ಭಯ, ಕೆಲಸದವರು ಸಿಗದ ಕಷ್ಟ ಇವೆ, ಅವರ ಕಾರಣಗಳಿಗೂ ಒಂದು ವಾಕ್ಯ ಮೀಸಲಿಡಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಕ್ಕಾಸು, ರೀಪು, ಮಾಡು, ಎರಚಲು ಎಂಬ ನಮ್ಮ ಪದಗಳನ್ನು ನೀವು ಕೆಲವೆಡೆ ಬಳಸಿ, ಕೆಲವೆಡೆ ಅಳುಕಿನಿಂದ ಪುಸ್ತಕದ ಪದಗಳಿಗೆ ಬದಲಾಯಿಸಿದ್ದೀರಿ, ಮೊದಲನೆಯವನ್ನೇ ಉಳಿಸಿಕೊಳ್ಳಿ. ಮುಸ್ಸಂಜೆಯ ಮಾಡಿನ ಛಾಯಾಚಿತ್ರದ ಬದಲು ಹಂಚಿನ ಮೇಲ್ಮೈ, ಅಡಿಭಾಗ ಮತ್ತು ಎರಡು ಹಂಚುಗಳು ಕೂಡುವ ಅಡ್ಡಕೊಯ್ತ, ಈ ಮೂರು ಸರಳ ರೇಖಾಚಿತ್ರಗಳನ್ನು ಕಳುಹಿಸಿ. ಒಟ್ಟು ಬರಹ ಏಳೆಂಟು ಪುಟಗಳನ್ನು ಮೀರದಿರಲಿ.

ತಿದ್ದಲು ಕೂರುವ ಮೊದಲು ಪೆರ್ಲಕ್ಕೆ ಹೋಗಿ, ಸೋದರಮಾವನನ್ನು ಇನ್ನೊಮ್ಮೆ ಅಟ್ಟಕ್ಕೆ ಕರೆದುಕೊಂಡು ಹೋಗಿ. ಹಂಚು ತೆಗೆಯುವಾಗ ಅವರು ಮೊದಲು ಎತ್ತುವುದು ಮೇಲಿನ ಸಾಲಿನದನ್ನೋ ಪಕ್ಕದ್ದನ್ನೋ, ಪಕ್ಕದ್ದಾದರೆ ಎಡದ್ದೋ ಬಲದ್ದೋ ಎಂಬುದು ನಿಮ್ಮ ಏಳು ಸಾಲುಗಳಲ್ಲಿ ಇಲ್ಲ. ಅದನ್ನು ನೋಡಿ ಬರೆದುಕೊಂಡು ಬನ್ನಿ.

ವಿಶ್ವಾಸದಿಂದ,
ಸಂಪಾದಕ