ಐಸ್ ಪ್ಲಾಂಟಿನ ಅಮೋನಿಯಾ: ಯಾರಿಗೆ ತಿಳಿಸಬೇಕು, ಎಷ್ಟು ಕಟ್ಟಬೇಕು?

ಪ್ರಶ್ನೆ: ನಮ್ಮ ಮನೆಯಿಂದ ಕೂಗಳತೆ ದೂರದಲ್ಲಿ ಒಂದು ಐಸ್ ಪ್ಲಾಂಟ್ ಇದೆ. ಕೆಲವು ಸಂಜೆ ಅಮೋನಿಯಾದ ಘಾಟು ಅಂಗಳದವರೆಗೂ ಬರುತ್ತದೆ. ಅಮೆರಿಕದಲ್ಲಿ ಇಂತಹ ರಾಸಾಯನಿಕ ಇಟ್ಟುಕೊಳ್ಳುವವರು ಪ್ರತಿ ವರ್ಷ ರಾಜ್ಯಕ್ಕೆ ಲೆಕ್ಕ ಒಪ್ಪಿಸಿ ಶುಲ್ಕ ಕಟ್ಟಬೇಕೆಂದು ಅಲ್ಲಿರುವ ನಮ್ಮ ಅಳಿಯ ಹೇಳುತ್ತಾರೆ. ನಮ್ಮಲ್ಲಿ ಅಂತಹ ಕಾನೂನು ಇಲ್ಲವೇ?
– ಓದುಗರೊಬ್ಬರು, ಕಾರವಾರ

ಉತ್ತರ: ಕಾನೂನು ಇದೆ. ಆದರೆ ನಿಮ್ಮ ನೆರೆಯ ಐಸ್ ಪ್ಲಾಂಟ್ ಅದರ ಮುಖ್ಯ ಭಾಗದೊಳಗೆ ಬಹುಶಃ ಬರುವುದಿಲ್ಲ. ಕಾರಣವನ್ನು ತುಸು ವಿವರವಾಗಿ ಹೇಳಬೇಕಾಗುತ್ತದೆ.

1984ರ ಡಿಸೆಂಬರ್‌ನ ಭೋಪಾಲ ದುರಂತದ ನಂತರ ಎರಡೂ ದೇಶಗಳು ಹೊಸ ಕಾನೂನು ಮಾಡಿದವು. ಅಮೆರಿಕದ 1986ರ ಕಾಯ್ದೆಯಂತೆ, ನಿಗದಿತ ಪ್ರಮಾಣವನ್ನು ಮೀರಿ ಅಪಾಯಕಾರಿ ರಾಸಾಯನಿಕ ಇಟ್ಟುಕೊಂಡವರು ಪ್ರತಿ ವರ್ಷ ಮಾರ್ಚ್ 1ರೊಳಗೆ ರಾಜ್ಯದ ಆಯೋಗಕ್ಕೆ, ಸ್ಥಳೀಯ ಯೋಜನಾ ಸಮಿತಿಗೆ ಮತ್ತು ಹತ್ತಿರದ ಅಗ್ನಿಶಾಮಕ ದಳಕ್ಕೆ ದಾಸ್ತಾನಿನ ವಿವರ ಕೊಡಬೇಕು. ಕೇಂದ್ರ ಸರ್ಕಾರ ಅದಕ್ಕೆ ಶುಲ್ಕ ಕೇಳುವುದಿಲ್ಲ. ಹಲವು ರಾಜ್ಯಗಳು ತಮ್ಮದೇ ದರದಲ್ಲಿ ಶುಲ್ಕ ವಸೂಲು ಮಾಡುತ್ತವೆ. ಅಲ್ಲಿ ಅಮೋನಿಯಾಕ್ಕಿರುವ ಮಿತಿ 500 ಪೌಂಡ್, ಅಂದರೆ ಸುಮಾರು 227 ಕಿಲೋ.

ನಮ್ಮಲ್ಲಿ 1986ರ ಪರಿಸರ (ಸಂರಕ್ಷಣೆ) ಕಾಯ್ದೆಯಡಿ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹಣೆ ಮತ್ತು ಆಮದು ನಿಯಮಗಳು ಬಂದವು. ಮಿತಿಯಷ್ಟು ಅಥವಾ ಅದಕ್ಕಿಂತ ಹೆಚ್ಚು ದಾಸ್ತಾನು ಇರುವವರು ಕೆಲಸ ಆರಂಭಿಸುವುದಕ್ಕೆ 3 ತಿಂಗಳು ಮೊದಲೇ ಸ್ಥಳದ ವಿವರವನ್ನು ಲಿಖಿತವಾಗಿ ಸಲ್ಲಿಸಬೇಕು (ಇದೇ ಸ್ಥಳದ ಅಧಿಸೂಚನೆ), ಆವರಣದೊಳಗಿನ ತುರ್ತು ಯೋಜನೆ ಸಿದ್ಧಪಡಿಸಬೇಕು, 6 ತಿಂಗಳಿಗೊಮ್ಮೆ ಅದರ ಅಣಕು ಕಾರ್ಯಾಚರಣೆ ನಡೆಸಬೇಕು. ದೊಡ್ಡ ಅವಘಡವಾದರೆ 48 ಗಂಟೆಗಳೊಳಗೆ ತಿಳಿಸಬೇಕು. ಆದರೆ ಅಮೋನಿಯಾದ ಮಿತಿ ಪ್ರತ್ಯೇಕ ದಾಸ್ತಾನಿಗೆ 60 ಟನ್, ಕಾರ್ಖಾನೆಯೊಳಗಿನದಕ್ಕೆ 50 ಟನ್. ಮೀನುಗಾರಿಕೆಗೆ ಮಂಜುಗಡ್ಡೆ ಮಾಡುವ ಘಟಕದಲ್ಲಿ ಅಷ್ಟು ಅಮೋನಿಯಾ ಇರುವುದಿಲ್ಲ. ಮಿತಿಯ ಈ ಅಂತರವೇ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ. ಅಮೆರಿಕದಲ್ಲಿ ಅಗ್ನಿಶಾಮಕ ದಳದ ಪಟ್ಟಿಯಲ್ಲಿ ಇರಬೇಕಾದ ಘಟಕವು ನಮ್ಮಲ್ಲಿ, ಮನೆಗಳ ನಡುವೆಯೇ ಇದ್ದರೂ, ಈ ನಿಯಮದ ಅಧಿಸೂಚನೆಯ ಹೊರಗೆ ಉಳಿಯುತ್ತದೆ.

ಕಾರ್ಮಿಕ ಕಾನೂನಿನ ಕಡೆಯಿಂದ ನೋಡಿದರೂ ಪರಿಸ್ಥಿತಿ ಹೆಚ್ಚು ಭಿನ್ನವಲ್ಲ. ಅಪಾಯಕಾರಿ ಪ್ರಕ್ರಿಯೆಯ ಮಾಹಿತಿಯನ್ನು ಕಾರ್ಮಿಕರಿಗೂ ಸುತ್ತಲಿನ ಜನರಿಗೂ ಕೊಡಲೇಬೇಕೆಂಬ ಕಲಮನ್ನು 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿಸಲಾಯಿತು. ಆ ಕಾಯ್ದೆ ವಿದ್ಯುತ್ ಬಳಸಿ 10 ಜನ ದುಡಿಯುವ ಜಾಗವನ್ನು ಕಾರ್ಖಾನೆ ಎಂದಿತ್ತು. 2020ರ ಹೊಸ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿದೆ. ಐದಾರು ಕೆಲಸಗಾರರಿಂದ ನಡೆಯುವ ಘಟಕದ ಅಪಾಯವನ್ನು ತಲೆ ಎಣಿಸಿ ಅಳೆಯುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಅಳೆಯಬೇಕಾದದ್ದು ರಿಸೀವರ್‌ನಲ್ಲಿ, ಅಂದರೆ ದ್ರವ ಅಮೋನಿಯಾ ನಿಲ್ಲುವ ಪಾತ್ರೆಯಲ್ಲಿ, ಇರುವ ಅಮೋನಿಯಾವನ್ನು.

ಹಾಗೆಂದು ನಿಮಗೆ ದಾರಿಯೇ ಇಲ್ಲವೆಂದಲ್ಲ. ಘಟಕಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇದೆಯೇ, ಇದ್ದರೆ ಅದರ ಷರತ್ತುಗಳೇನು ಎಂದು ಮಂಡಳಿಯ ಕಾರವಾರ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ ಇರುವ ಅವಧಿ 30 ದಿನ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಲಿ. ಎರಡನೆಯದಾಗಿ, 1996ರ ರಾಸಾಯನಿಕ ಅಪಘಾತಗಳ ನಿಯಮಗಳಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ಗುಂಪು 45 ದಿನಗಳಿಗೊಮ್ಮೆ ಸಭೆ ಸೇರಬೇಕು. ರಾಸಾಯನಿಕ ಅಪಘಾತ ತಡೆ ಮತ್ತು ಸಿದ್ಧತೆಯ ಬಗ್ಗೆ ಸಾರ್ವಜನಿಕರು ಕೇಳಿದರೆ ಮಾಹಿತಿ ಕೊಡುವುದು ಅದೇ ನಿಯಮಗಳಡಿಯ ರಾಜ್ಯ ಮಟ್ಟದ ಗುಂಪಿನ ಕರ್ತವ್ಯ. ಪಂಚಾಯಿತಿಯ ಮೂಲಕ ಬರೆದರೆ ಪತ್ರಕ್ಕೆ ತೂಕ ಹೆಚ್ಚು.

ಪ್ರಶ್ನೆ: ನಾನು ಅಂಕೋಲಾ ತಾಲ್ಲೂಕಿನಲ್ಲಿ ಐಸ್ ಪ್ಲಾಂಟ್ ನಡೆಸುತ್ತೇನೆ. ನೆರೆಯವರು ಎಷ್ಟು ಅಮೋನಿಯಾ ಇದೆಯೆಂದು ಕೇಳುತ್ತಿದ್ದಾರೆ. ನಾನು ಲೆಕ್ಕ ಕೊಡಬೇಕೆ? ಅದಕ್ಕೆ ಶುಲ್ಕವಿದೆಯೇ?
– ಘಟಕದ ಮಾಲೀಕರು, ಅಂಕೋಲಾ

ಉತ್ತರ: ಮಿತಿಗಿಂತ ಕಡಿಮೆ ಇದ್ದರೆ 1989ರ ನಿಯಮದಡಿ ಸ್ಥಳದ ಅಧಿಸೂಚನೆ ಸಲ್ಲಿಸುವ ಬಾಧ್ಯತೆ ನಿಮಗಿಲ್ಲ. ಸಲ್ಲಿಸಬೇಕಾದವರಿಗೂ ಆ ನಿಯಮಗಳು ಶುಲ್ಕ ಹಾಕಿಲ್ಲ. ನೀವು ಕಟ್ಟುವ ಹಣ ಬೇರೆ ಬಾಬ್ತಿನದು: ಮಾಲಿನ್ಯ ಮಂಡಳಿಯ ಸಮ್ಮತಿ ಶುಲ್ಕ ಬಂಡವಾಳ ಹೂಡಿಕೆ ಮತ್ತು ಉದ್ಯಮದ ವರ್ಗದ ಮೇಲೆ, ಕಾರ್ಖಾನೆ ಪರವಾನಗಿಯ ಶುಲ್ಕ ಅಶ್ವಶಕ್ತಿ ಮತ್ತು ಕೆಲಸಗಾರರ ಸಂಖ್ಯೆಯ ಮೇಲೆ ನಿಲ್ಲುತ್ತದೆ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಅನ್ವಯಿಸುವಷ್ಟು ದಾಸ್ತಾನು ಇರುವವರು ವಿಮೆಯ ಪ್ರೀಮಿಯಂ ಜೊತೆಗೆ ಅಷ್ಟೇ ಮೊತ್ತವನ್ನು ಪರಿಸರ ಪರಿಹಾರ ನಿಧಿಗೂ ಕಟ್ಟಬೇಕು.

ಬಾಧ್ಯತೆ ಇಲ್ಲದಿದ್ದರೂ ಲೆಕ್ಕ ಕೊಡಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಲೆಕ್ಕ ಕಷ್ಟವೂ ಅಲ್ಲ. ದ್ರವ ಅಮೋನಿಯಾ ನಮ್ಮ ಸೆಖೆಯಲ್ಲಿ ಲೀಟರಿಗೆ ಸುಮಾರು 0.6 ಕಿಲೋ ತೂಗುತ್ತದೆ. 1,000 ಲೀಟರ್ ರಿಸೀವರ್ ಮುಕ್ಕಾಲಿಗಿಂತ ತುಸು ಹೆಚ್ಚು, ಅಂದರೆ ಶೇ. 80ರಷ್ಟು ತುಂಬಿದ್ದರೆ ಅದರಲ್ಲಿ 480 ಕಿಲೋ ಇದೆಯೆಂದರ್ಥ. ಪೈಪು, ಕಂಡೆನ್ಸರ್ ಮತ್ತು ಕಾಯಿಲಿನದನ್ನು ಪ್ರತ್ಯೇಕವಾಗಿ ಸೇರಿಸಬೇಕು. ಈ ಅಂಕಿ, ಮುಖ್ಯ ವಾಲ್ವ್‌ಗಳಿರುವ ಜಾಗದ ನಕಾಶೆ, ರಾತ್ರಿ ಪಾಳಿಯವರ ಫೋನ್ ಸಂಖ್ಯೆ – ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅಗ್ನಿಶಾಮಕ ಠಾಣೆಗೂ ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಘಟಕ ನಿಂತಿರುವಾಗ ಹೇಗೂ ದುರಸ್ತಿ ನಡೆಯುತ್ತದೆ. ಆಗಸ್ಟ್‌ನಲ್ಲಿ ಯಂತ್ರ ಮತ್ತೆ ಚಾಲೂ ಮಾಡುವ ಮೊದಲು ಈ ಹಾಳೆಯನ್ನೂ ಹೊಸದಾಗಿ ಬರೆಯುವುದು ಸೂಕ್ತ.

ದುರಸ್ತಿಯ ಮಾತು ಬಂದಿದ್ದರಿಂದ ಒಂದು ವಿಷಯವನ್ನು ಒತ್ತಿ ಹೇಳಬೇಕು. ಕಂಪ್ರೆಸರ್‌ನಿಂದ ಬಂದ ಎಣ್ಣೆ ದ್ರವ ಅಮೋನಿಯಾಕ್ಕಿಂತ ಭಾರವಾದ್ದರಿಂದ ಪಾತ್ರೆಯ ತಳದಲ್ಲಿ ನಿಲ್ಲುತ್ತದೆ. ಅದನ್ನು ಬಸಿಯಲು ತಳದ ವಾಲ್ವ್ ತೆರೆದ ಕೆಲಸಗಾರ ಎಣ್ಣೆ ಮುಗಿಯುವ ಹೊತ್ತಿಗೆ ಬೇರೆ ಕೆಲಸಕ್ಕೆ ಹೋದರೆ, ಎಣ್ಣೆಯ ಹಿಂದೆಯೇ ಅಮೋನಿಯಾ ನುಗ್ಗುತ್ತದೆ. ಕೈ ಬಿಟ್ಟೊಡನೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ವಾಲ್ವ್ ಅಲ್ಲಿ ಇರಲೇಬೇಕು. ಅದನ್ನು ತಂತಿ ಕಟ್ಟಿ ತೆರೆದಿಡುವುದನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

ಪ್ರಶ್ನೆ: ನಮ್ಮ ಬಡಾವಣೆಯ ಹತ್ತಿರದ ನೀರು ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಸಿಲಿಂಡರ್‌ಗಳಿವೆ. ಅದಕ್ಕೂ ಇದೇ ಲೆಕ್ಕವೇ?
– ಗೃಹಿಣಿಯೊಬ್ಬರು, ಶಿರಸಿ

ಉತ್ತರ: ನಿಯಮ ಅದೇ, ಮಿತಿ ಬೇರೆ. ಕ್ಲೋರಿನ್ ಹೆಚ್ಚು ವಿಷಕಾರಿಯಾದ್ದರಿಂದ ಅದರ ಮಿತಿ 10 ಟನ್. 25 ಟನ್ ತಲುಪಿದರೆ ಸುರಕ್ಷತಾ ವರದಿಯೂ ಬೇಕು. ಟನ್ನರ್ ಎಂದು ಕರೆಯುವ ದೊಡ್ಡ ಪಾತ್ರೆಯಲ್ಲಿ ಸುಮಾರು 900 ಕಿಲೋ ಇರುವುದರಿಂದ ಸಣ್ಣ ಪಟ್ಟಣದ ಘಟಕಗಳು ಸಾಮಾನ್ಯವಾಗಿ ಮಿತಿಯ ಕೆಳಗೇ ಇರುತ್ತವೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಸೋರಿದರೆ ತಗ್ಗಿನಲ್ಲಿ ಮಡುಗಟ್ಟುತ್ತದೆ. ಶಿರಸಿಯಂತಹ ಏರಿಳಿತದ ಊರಿನಲ್ಲಿ ಯಾವ ದಿಕ್ಕಿಗೆ ಓಡಬೇಕೆಂಬುದು ಮೊದಲೇ ಗೊತ್ತಿರಬೇಕು: ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಸರಿದು ಎತ್ತರಕ್ಕೆ ಹೋಗಬೇಕು. ಸೋರುವ ಕ್ಲೋರಿನ್ ಸಿಲಿಂಡರ್ ಮೇಲೆ ನೀರು ಸುರಿಯಬಾರದು; ಲೋಹ ಕೊರೆದು ತೂತು ಇನ್ನಷ್ಟು ದೊಡ್ಡದಾಗುತ್ತದೆ. ನಿಮ್ಮ ವಾರ್ಡಿನ ಸದಸ್ಯರ ಮೂಲಕ ನಗರಸಭೆಗೆ ಎರಡು ಪ್ರಶ್ನೆ ಕೇಳಿ: ಘಟಕದಲ್ಲಿ ಸೋರಿಕೆ ತಡೆಯುವ ಕಿಟ್ ಮತ್ತು ಉಸಿರಾಟದ ಸಾಧನ ಇವೆಯೇ, ಅವುಗಳನ್ನು ಬಳಸಲು ಯಾರಿಗೆ ತರಬೇತಿಯಾಗಿದೆ?

ಪ್ರಶ್ನೆ: ದೋಣಿಗಾಗಿ ಬ್ಯಾರೆಲ್‌ಗಳಲ್ಲಿ ಡೀಸೆಲ್ ಇಡಲು ಲೈಸೆನ್ಸ್ ಬೇಕೇ?
– ಮೀನುಗಾರರೊಬ್ಬರು, ತದಡಿ

ಉತ್ತರ: 1934ರ ಪೆಟ್ರೋಲಿಯಂ ಕಾಯ್ದೆಯಂತೆ ಡೀಸೆಲ್ ಬಿ ವರ್ಗಕ್ಕೆ ಸೇರಿದೆ. ಒಂದೇ ಜಾಗದಲ್ಲಿ ಒಟ್ಟು 2,500 ಲೀಟರ್ ಮೀರದಿದ್ದರೆ, ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಲ್ಲದಿದ್ದರೆ ಆ ಕಾಯ್ದೆಯಡಿ ಲೈಸೆನ್ಸ್ ಬೇಕಿಲ್ಲ. ಪೆಟ್ರೋಲಿಗೆ ಈ ಸಡಿಲಿಕೆ ಇಲ್ಲ. ಮಾರಾಟಕ್ಕಲ್ಲದಿದ್ದರೂ ಲೈಸೆನ್ಸ್ ಇಲ್ಲದೆ 30 ಲೀಟರ್ ಮೀರುವಂತಿಲ್ಲ.