ಪಕ್ಕದ ಗುಡ್ಡಕ್ಕೆ ಬೆಂಕಿ: ಕಾನೂನು ಏನು ಹೇಳುತ್ತೆ?

ಪ್ರಶ್ನೆ: ನಾವು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿದ್ದೇವೆ. ಅಕ್ಟೋಬರ್ ಬಂತೆಂದರೆ ಪಕ್ಕದ ಗುಡ್ಡಗಳಲ್ಲಿ ಹೊಗೆ ಏಳುತ್ತದೆ. ಬೇಕಂತಲೇ ಹಚ್ಚುತ್ತಾರಂತೆ. ಊರಲ್ಲಿ ಅರಣ್ಯ ಇಲಾಖೆಯವರು ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಮಾಡ್ತಾರಲ್ಲ, ಇದೂ ಹಾಗೇನಾ? ಸಂರಕ್ಷಿತ ಜಾಗದಲ್ಲಿ ಇದಕ್ಕೆ ತಡೆ ಇಲ್ವಾ?

ಉತ್ತರ: ಉದ್ದೇಶ ಬೇರೆ. ಅಲ್ಲಿ ಹೆಚ್ಚಾಗಿ ಸುಡುವುದು ಗ್ರೌಸ್ ಹಕ್ಕಿಯ ಬೇಟೆಗಾಗಿ. ಹಳೇ ಹೆದರ್ ಪೊದೆಯನ್ನು ಪಟ್ಟಿ ಪಟ್ಟಿಯಾಗಿ ಸುಟ್ಟರೆ ಎಳೆ ಚಿಗುರು ಬರುತ್ತದೆ. ಹಕ್ಕಿಗೆ ಅದೇ ಮೇವು.

ತಕರಾರು ಇರುವುದು ಕೆಳಗಿನ ಪೀಟ್ ಮಣ್ಣಿನದ್ದು. ನೀರು ನಿಂತ ಜಾಗದಲ್ಲಿ ಪಾಚಿ, ಗಿಡ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತು ಆಗುವ ಮಣ್ಣು ಅದು. ವರ್ಷಕ್ಕೆ ಹೆಚ್ಚುಕಮ್ಮಿ 1 ಮಿಲಿಮೀಟರ್ ಬೆಳೆದರೆ ದೊಡ್ಡದು. ಮತ್ತೆ ಮತ್ತೆ ಸುಟ್ಟರೆ ಅದನ್ನು ಕಟ್ಟುವ ಸ್ಫ್ಯಾಗ್ನಮ್ ಪಾಚಿಗೆ ಪೆಟ್ಟು. ಮಣ್ಣು ಒಣಗುತ್ತದೆ, ಹಿಡಿದಿಟ್ಟ ಕಾರ್ಬನ್ ಗಾಳಿಗೆ ಹೋಗುತ್ತದೆ.

ತಡೆ ಇದೆ. 2021ರ ಮೇ ತಿಂಗಳಿಂದ ಲೈಸೆನ್ಸ್ ಇಲ್ಲದೆ ಸುಡುವ ಹಾಗಿಲ್ಲ. ಆದರೆ ಆ ತಡೆ ಅನ್ವಯವಾಗೋಕೆ ಆಗ ಪೀಟ್ 40 ಸೆಂ.ಮೀ.ಗಿಂತ ಆಳ ಇರಬೇಕಿತ್ತು, ಜೊತೆಗೆ ಆ ಜಾಗಕ್ಕೆ ಎರಡೆರಡು ಬಗೆಯ ಸಂರಕ್ಷಣೆಯೂ ಇರಬೇಕಿತ್ತು. ಇಷ್ಟೆಲ್ಲ ಷರತ್ತು ಹಾಕಿದರೆ ನುಸುಳೋಕೆ ದಾರಿ ಸಿಕ್ಕೇ ಸಿಗುತ್ತೆ, ಅಲ್ವಾ? 2025ರ ಸೆಪ್ಟೆಂಬರ್ ಕೊನೆಯಲ್ಲಿ ಅಳತೆಯನ್ನು 30 ಸೆಂ.ಮೀ.ಗೆ ಇಳಿಸಿದರು. ಬೇಸಾಯಕ್ಕೆ ಕಷ್ಟವೆಂದು ಗುರುತಿಸಿದ ಗುಡ್ಡಗಾಡನ್ನೂ ಸೇರಿಸಿದರು. ತಡೆ ಇರುವ ಜಾಗ ಸುಮಾರು 2,22,000 ಹೆಕ್ಟೇರ್ ಇದ್ದದ್ದು 6,76,000 ದಾಟಿತು.

ಆಳ ಅಳೆಯುವುದು ಸರಳ. ತೆಳ್ಳಗಿನ ಸರಳನ್ನು ಕೈಯಿಂದಲೇ ಒತ್ತುತ್ತಾರೆ. ಪೀಟ್‌ನಲ್ಲಿ ಸಲೀಸಾಗಿ ಇಳಿದು, ಕಲ್ಲೋ ಗಟ್ಟಿ ಮಣ್ಣೋ ತಾಗಿದಾಗ ನಿಲ್ಲುತ್ತದೆ. ನಾಲ್ಕು ಹೆಜ್ಜೆ ಆಚೆ ಚುಚ್ಚಿದರೆ ಲೆಕ್ಕ ಬೇರೆ ಬರಬಹುದು. ಒಂದೇ ಗುಡ್ಡದ ಒಂದು ಮಗ್ಗುಲಲ್ಲಿ ಸುಡಬಹುದು, ಇನ್ನೊಂದರಲ್ಲಿ ಕೂಡದು ಅನ್ನುವ ಗೊಂದಲ ಹುಟ್ಟುವುದು ಇಲ್ಲೇ.

ಬೇಟೆ ಎಸ್ಟೇಟಿನವರು ‘ಒಣ ಪೊದೆ ಬಿಟ್ಟರೆ ಕಾಳ್ಗಿಚ್ಚು ಹತ್ತುತ್ತೆ’ ಅಂತಾರೆ. ಸುಮ್ನೆ ತಳ್ಳಿಹಾಕುವ ಮಾತಲ್ಲ. ಕಾಳ್ಗಿಚ್ಚಿನ ಅಪಾಯ ತಗ್ಗಿಸೋಕೆ ಲೈಸೆನ್ಸ್ ಕೇಳಲು ಕಾನೂನಲ್ಲೂ ಅವಕಾಶವಿದೆ. ಆದರೆ ನನ್ನ ಪ್ರಕಾರ ಮೊದಲು ನೀರು ಬಸಿಯಲು ತೋಡಿದ ಹಳೇ ಕಾಲುವೆಗಳಿಗೆ ಅಡ್ಡ ಕಟ್ಟಿ ನೀರು ನಿಲ್ಲಿಸಬೇಕು. ನೆಂದ ಪೀಟ್‌ಗೆ ಬೆಂಕಿ ಸುಲಭಕ್ಕೆ ಹತ್ತದು.

ನಿಮಗೆ ಕಂಡ ಹೊಗೆ ಕಾನೂನುಬದ್ಧವೇ ಇರಬಹುದು. ಗುಡ್ಡಗಾಡಿನಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 15ರವರೆಗೆ ಸುಡುವ ಕಾಲ. ಸೂರ್ಯ ಮುಳುಗಿದ ಮೇಲೆ ಮಾತ್ರ ಬೆಂಕಿ ಹಚ್ಚುವ ಹಾಗಿಲ್ಲ. ಅನುಮಾನ ಬಂದರೆ ಜಾಗ, ಸಮಯ ಬರೆದುಕೊಂಡು, ದೂರದಿಂದಲೇ ಫೋಟೋ ತೆಗೆದು ಪ್ರಕೃತಿ ಸಂರಕ್ಷಣೆಯ ಸರ್ಕಾರಿ ಸಂಸ್ಥೆ ನ್ಯಾಚುರಲ್ ಇಂಗ್ಲೆಂಡ್‌ಗೆ ತಿಳಿಸಿ. ಬೆಂಕಿ ಹತ್ತಿರ ಯಾರೂ ಇಲ್ಲದಿದ್ದರೆ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ.