ಗವಿಯೊಳಗಿನ ಮಣ್ಣು, ಬೂದಿ ಮತ್ತು ಹಿಕ್ಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸೈಬೀರಿಯಾದ ಅಲ್ತಾಯ್ ಪರ್ವತದ ಡೆನಿಸೋವಾ ಗವಿಯಲ್ಲಿ ಸಿಕ್ಕ ಒಂದು ಬೆರಳಿನ ಮೂಳೆಯಿಂದ ಹೊಸ ಮಾನವ ಕುಲವೇ ಪತ್ತೆಯಾಯಿತೆಂದು ಓದಿದೆ. ನಮ್ಮ ಚಂದ್ರವಳ್ಳಿಯ ಸುತ್ತಲೂ ಗವಿಗಳಿಗೆ ಕೊರತೆಯಿಲ್ಲ. ಅಗೆದರೆ ಇಲ್ಲಿಯೂ ಅಂಥದ್ದು ಸಿಗಬಾರದೇಕೆ? (ಚಿತ್ರದುರ್ಗದ ಓದುಗರು)

ಉತ್ತರ: ಸಿಗುವ ಸಾಧ್ಯತೆ ತೀರ ಕಡಿಮೆ. ಅದಕ್ಕೆ ಕಾರಣ ಕಲ್ಲಿನ ಜಾತಿ. ಡೆನಿಸೋವಾ ಸುಣ್ಣಕಲ್ಲಿನ ಗವಿ. ನೀರು ಸುಣ್ಣಕಲ್ಲನ್ನು ಕರಗಿಸುತ್ತ ಬೆಟ್ಟದ ಒಳಗೆ ಕೋಣೆಗಳನ್ನು ಕೊರೆಯುತ್ತದೆ. ಅಂಥ ಕೋಣೆಯ ನೆಲಕ್ಕೆ ಬಿದ್ದ ಮಣ್ಣು ಹೊರಗಿನ ಮಳೆಗೆ ಸುಲಭವಾಗಿ ಸಿಕ್ಕದೆ ಪದರದ ಮೇಲೆ ಪದರವಾಗಿ ಕೂರುತ್ತದೆ, ಮತ್ತು ಅದರಲ್ಲಿ ಸುಣ್ಣದಂಶ ಇರುವುದರಿಂದ ಮೂಳೆ ಬೇಗ ಕರಗುವುದಿಲ್ಲ. ಸಾಲದ್ದಕ್ಕೆ ಅಲ್ಲಿನ ವರ್ಷದ ಸರಾಸರಿ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದೆ. ಆ ಚಳಿಯಿಂದಾಗಿಯೇ ಮೂಳೆಯೊಳಗಿನ ಡಿಎನ್‌ಎ ಉಳಿದು, 2010ರಲ್ಲಿ ಅದನ್ನು ಓದಲು ಸಾಧ್ಯವಾಯಿತು.

ನಮ್ಮ ದುರ್ಗದ ಬೆಟ್ಟಗಳು ಗ್ರಾನೈಟಿನವು. ಬಂಡೆ ಬಿರುಕಿನುದ್ದಕ್ಕೂ ಶಿಥಿಲವಾಗಿ, ಸಿಪ್ಪೆ ಸಿಪ್ಪೆಯಾಗಿ ಎದ್ದು, ಒಂದಕ್ಕೊಂದು ಒರಗಿ ನಿಂತ ಗುಂಡುಗಳ ನಡುವಿನ ತೆರವನ್ನೇ ನಾವು ಗವಿ ಎನ್ನುತ್ತೇವೆ. ಮಳೆಗಾಲದಲ್ಲಿ ಒಂದು ಸಂದಿಯಿಂದ ನುಗ್ಗಿದ ನೀರು ಇನ್ನೊಂದು ಸಂದಿಯಿಂದ ಹೊರಡುವಾಗ ನೆಲದ ಮಣ್ಣನ್ನೂ ಹೊತ್ತೊಯ್ಯುತ್ತದೆ. ಉಳಿದ ಗೊರಚನ್ನು ಅಂಗೈಯಲ್ಲಿಟ್ಟು ಉಜ್ಜಿ ನೋಡಿ: ಬೆಣಚಿನ ಹರಳು ಚುಚ್ಚುತ್ತದೆ, ಗ್ರಾನೈಟಿನ ಇನ್ನೊಂದು ಖನಿಜವಾದ, ಕೊಳೆತ ಫೆಲ್ಡ್‌ಸ್ಪಾರ್ ಪುಡಿಯಾಗಿ ಬಿಳಿ ಜೇಡಿಯಂತೆ ಬೆರಳಿಗೆ ಅಂಟುತ್ತದೆ. ಸುಣ್ಣದಂಶ ಕಡಿಮೆಯಿರುವ, ಮಳೆ ಬಿಸಿಲು ಎರಡೂ ತಾಗುವ ಇಂಥ ಮಣ್ಣಿನಲ್ಲಿ ಮೂಳೆ ಹತ್ತಾರು ಸಾವಿರ ವರ್ಷ ಉಳಿಯುವುದು ಕಷ್ಟ; ಕಲ್ಲಿನ ಉಪಕರಣ ಮಾತ್ರ ಉಳಿಯುತ್ತದೆ.

ಹಾಗೆ ಕೊಚ್ಚಿಹೋದ ಮಣ್ಣು ಬೆಟ್ಟದ ಬುಡದಲ್ಲಿ ನಿಲ್ಲುತ್ತದೆಂಬುದನ್ನು ಮರೆಯಬಾರದು. ಚಂದ್ರವಳ್ಳಿಯಲ್ಲಿ ಪುರಾತತ್ವಜ್ಞರಾದ ಎಂ. ಎಚ್. ಕೃಷ್ಣ ಅವರು 1929ರಲ್ಲಿಯೂ, ಮಾರ್ಟಿಮರ್ ವೀಲರ್ ಅವರು 1947ರಲ್ಲಿಯೂ ಅಗೆದದ್ದು ಕಣಿವೆಯ ನೆಲವನ್ನು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ವೀಲರ್ ಅದೇ ವರ್ಷ ನಯಗೊಳಿಸಿದ ಕಲ್ಲುಗೊಡಲಿಯ ಕಾಲ, ಬೃಹತ್ ಶಿಲಾ ಸಮಾಧಿಗಳ ಕಾಲ, ಆಮೇಲಿನ ಇತಿಹಾಸಾರಂಭದ ಕಾಲ ಎಂಬ ಸರಣಿಯನ್ನು ಗುರುತಿಸಿದ್ದೂ ಬೆಟ್ಟದ ತಪ್ಪಲಿನಲ್ಲಿಯೇ. ಗವಿಯಲ್ಲಿ ಹಳೆಯ ಮೂಳೆಯನ್ನೇ ನೋಡಬೇಕೆಂದರೆ ಪೂರ್ವಕ್ಕೆ, ಕರ್ನೂಲು ಸೀಮೆಯ ಸುಣ್ಣಕಲ್ಲಿಗೆ ಹೋಗಬೇಕು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ತಮ್ಮ ಮಗನೊಂದಿಗೆ ಅಲ್ಲಿನ ಬಿಲ್ಲಸುರ್ಗಂ ಗವಿಗಳನ್ನು 1884ರಷ್ಟು ಹಿಂದೆಯೇ ಅಗೆಸಿದ್ದರು.

ಪ್ರಶ್ನೆ: ಗವಿಯಲ್ಲಿ ಬೂದಿಯ ಪದರ ಕಂಡರೆ ಮನುಷ್ಯ ಬೆಂಕಿ ಹಾಕಿದ್ದನೆಂದು ನಂಬಬಹುದೇ? (ದಾವಣಗೆರೆಯ ಶಾಲಾ ಶಿಕ್ಷಕರು)

ಉತ್ತರ: ಬರಿಗಣ್ಣಿಗೆ ಕಂಡದ್ದನ್ನು ನಂಬಬೇಡಿ. ಬೀಜಿಂಗ್ ಬಳಿಯ ಚೌಕೌಟಿಯನ್‌ನಲ್ಲಿ ಒಂದು ಪದರವನ್ನು ಬಹುಕಾಲ ಆದಿಮಾನವರ ಒಲೆಯ ಬೂದಿಯೆಂದೇ ತೋರಿಸಲಾಗುತ್ತಿತ್ತು. 1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ನೀರು ತಂದು ಹಾಸಿದ ನಯವಾದ ಮಣ್ಣೆಂದು ತಿಳಿಯಿತು. ಅದರಲ್ಲಿ ಮರದ ಬೂದಿಯ ಕುರುಹೇ ಇರಲಿಲ್ಲ. ಇದಕ್ಕೆ ವಿರುದ್ಧವಾಗಿ, ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗವಿಯಲ್ಲಿ ಸುಮಾರು 10 ಲಕ್ಷ ವರ್ಷ ಹಿಂದಿನ ಬೆಂಕಿಯ ಗುರುತು ಗಟ್ಟಿಯಾಗಿ ಸಿಕ್ಕಿದ್ದು ಇದೇ ಬಗೆಯ ಪರೀಕ್ಷೆಯಿಂದ.

ಪರೀಕ್ಷೆಯ ವಿಧಾನ ಹೀಗೆ. ಪದರದಿಂದ ಮಣ್ಣಿನ ಇಟ್ಟಿಗೆಯಷ್ಟು ತುಂಡನ್ನು ಕದಲದಂತೆ ತೆಗೆದು, ರಾಳ ಕುಡಿಸಿ ಕಲ್ಲಿನಂತೆ ಗಟ್ಟಿ ಮಾಡಿ, ಕೂದಲಿಗಿಂತ ತೆಳುವಾಗಿ, ಅಂದರೆ ಸುಮಾರು 30 ಮೈಕ್ರಾನ್ ದಪ್ಪಕ್ಕೆ ತೇದು ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಮರ ಸುಟ್ಟ ಬೂದಿಯಲ್ಲಿ, ಜೀವಂತ ಮರದೊಳಗಿದ್ದ ಹರಳುಗಳ ಆಕಾರವನ್ನೇ ಉಳಿಸಿಕೊಂಡ ಸುಣ್ಣದ ಕಣಗಳು ಕಾಣುತ್ತವೆ. ದನ, ಕುರಿಗಳ ಸಗಣಿ ಹಿಕ್ಕೆಯಾದರೆ, ಅವುಗಳ ಕರುಳಿನಲ್ಲಿ ಹುಟ್ಟುವ ಅತಿ ಸಣ್ಣ ಸುಣ್ಣದ ಗೋಲಿಗಳಿರುತ್ತವೆ.

ಈ ಎರಡನೆಯದು ನಮ್ಮ ಸೀಮೆಗೆ ಹೆಚ್ಚು ಹತ್ತಿರದ ಮಾತು. ಮೊಳಕಾಲ್ಮೂರು ಕಡೆ ಬಂಡೆಯ ಆಸರೆಯಲ್ಲಿ ಹಾಕಿದ್ದ ಒಂದು ಕುರಿ ರೊಪ್ಪದ ನೆಲವನ್ನು ನಾನು ನೋಡಿದ್ದೇನೆ. ಮೇಲೆ ಹೊಸ ಹಿಕ್ಕೆ, ಕೆಳಗೆ ಗೊರಸು ತುಳಿದು ಹಲಗೆಯಂತಾದ ಕಂದು ಪದರ, ನಡುವೆ ಉಣ್ಣೆ ಚಿಗಟದ ಕಾಟಕ್ಕೆ ಬೆಂಕಿ ಇಟ್ಟಾಗ ಆದ ಬಿಳಿ ಬೂದಿ. ಯುರೋಪಿನ ಪರ್ವತ ಗವಿಗಳಲ್ಲಿ ನವಶಿಲಾಯುಗದ, ಅಂದರೆ ನಯಗೊಳಿಸಿದ ಕಲ್ಲುಗೊಡಲಿಯ ಕಾಲದ, ಕುರಿಗಾಹಿಗಳು ಬಿಟ್ಟುಹೋದ ಪದರಗಳೂ ಇದೇ ಬಗೆಯವು. ನಮ್ಮಲ್ಲಿ ಬಳ್ಳಾರಿ ಸೀಮೆಯ ಬೂದಿದಿಬ್ಬಗಳೂ ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಆದವೇ. ಜನ ಅವನ್ನು ರಾಕ್ಷಸರ ಬೂದಿ ಎಂದರೂ ಸರಿ, ಸೂಕ್ಷ್ಮದರ್ಶಕಕ್ಕೆ ಕಾಣುವುದು ದನದ ಸಗಣಿಯೇ.

ಪ್ರಶ್ನೆ: ಆಳದಲ್ಲಿ ಸಿಕ್ಕಿದ್ದೆಲ್ಲ ಹೆಚ್ಚು ಹಳೆಯದೇ? (ಹೊಳಲ್ಕೆರೆಯ ವಿದ್ಯಾರ್ಥಿನಿ)

ಉತ್ತರ: ಪದರ ಕದಲದಿದ್ದರೆ ಹೌದು, ಕದಲಿದೆಯೇ ಎಂಬುದೇ ಮೊದಲ ಪ್ರಶ್ನೆ. ಇರಾಕಿನ ಜಾಗ್ರೋಸ್ ಪರ್ವತದ ಶಾನಿದಾರ್ ಗವಿಯಲ್ಲಿ ರಾಲ್ಫ್ ಸೊಲೆಕಿ 1960ರಲ್ಲಿ ಹೊರತೆಗೆದ ನಿಯಾಂಡರ್ತಾಲ್ (ಅಳಿದುಹೋದ ಒಂದು ಮಾನವ ಕುಲ) ಅಸ್ಥಿಪಂಜರವೊಂದರ ಸುತ್ತ ಹೂವಿನ ಪರಾಗ ಗುಂಪುಗುಂಪಾಗಿ ಸಿಕ್ಕಿತು. ಸತ್ತವರಿಗೆ ಹೂವಿರಿಸಿದ್ದರೆಂಬ ಸುಂದರ ವಿವರಣೆ ಜಗತ್ತಿಗೆಲ್ಲ ಹಬ್ಬಿತು. ಆದರೆ ಅಲ್ಲಿ ಇಲಿಜಾತಿಯ ಪ್ರಾಣಿಗಳು ಬಿಲ ತೋಡಿದ್ದವು, ನೆಲದಲ್ಲಿ ಗೂಡು ಮಾಡುವ ದುಂಬಿಗಳೂ ಪರಾಗವನ್ನು ಒಳಕ್ಕೆ ಒಯ್ಯಬಲ್ಲವು. ನನಗಂತೂ ದುಂಬಿಯ ಪಕ್ಷವೇ ಬಲವಾಗಿ ಕಾಣುತ್ತದೆ. ಡೆನಿಸೋವಾದಲ್ಲಿ ಕತ್ತೆಕಿರುಬಗಳು ಬೀಡುಬಿಟ್ಟು ಹಿಕ್ಕೆಯ ರಾಶಿಯನ್ನೇ ಬಿಟ್ಟಿವೆ. ಆದ್ದರಿಂದಲೇ ಅಲ್ಲಿ ವಸ್ತುವಿನ ಜೊತೆಗೆ ಮಣ್ಣನ್ನೂ ಪ್ರಶ್ನಿಸುತ್ತಾರೆ. ಮರಳಿನ ಕಣ ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಲೆಕ್ಕ ಹಾಕುವ ವಿಧಾನವಿದೆ. 2021ರಲ್ಲಿ ಅದೇ ಗವಿಯ 728 ಮಣ್ಣಿನ ಮಾದರಿಗಳನ್ನು ಶೋಧಿಸಿದಾಗ, 175ರಲ್ಲಿ ಪ್ರಾಚೀನ ಮಾನವರ ಡಿಎನ್‌ಎ ದೊರೆಯಿತು. ಮೂಳೆಯೇ ಇಲ್ಲದ ಪದರದಲ್ಲಿಯೂ ಅಲ್ಲಿ ಯಾರಿದ್ದರೆಂದು ಈಗ ಹೇಳಬಹುದು.

ಪ್ರಶ್ನೆ: ನಮ್ಮ ಹೊಲದ ಪಕ್ಕದ ಕಲ್ಲಾಸರೆಯಲ್ಲಿ ನುಣುಪಾದ ಕಲ್ಲುಗೊಡಲಿ ಸಿಕ್ಕಿದೆ. ಇನ್ನಷ್ಟು ಅಗೆದು ನೋಡಲೇ? (ಮೊಳಕಾಲ್ಮೂರು ತಾಲ್ಲೂಕಿನ ರೈತರು)

ಉತ್ತರ: ದಯವಿಟ್ಟು ಅಗೆಯಬೇಡಿ. ಸಿಕ್ಕ ಜಾಗದ ಫೋಟೋ ತೆಗೆದು, ಎಷ್ಟು ಆಳದಲ್ಲಿತ್ತು, ಯಾವ ಬಣ್ಣದ ಮಣ್ಣಿನಲ್ಲಿತ್ತು ಎಂದು ಬರೆದಿಟ್ಟು, ಪುರಾತತ್ವ ಇಲಾಖೆಗೆ ತಿಳಿಸಿ. ಕೊಡಲಿಯನ್ನು ತೊಳೆಯಬೇಡಿ, ಅದರ ಬಾಯಿಗೆ ಅಂಟಿದ ಮಣ್ಣೂ ಅವರಿಗೆ ಬೇಕು.